ಕೇಳದೆ ಕಟ್ಟಿದ ನೀಲಿ ಪಟ್ಟಿ

ಮನರಂಜನಾ ಪಾರ್ಕಿನಲ್ಲಿ ಅವಳನ್ನು ಎಲ್ಲರೂ ಕೋನಮ್ಮ ಎಂದೇ ಕರೆಯುತ್ತಿದ್ದರು. ಗೇಟಿನ ಪಕ್ಕದಲ್ಲಿ ನೀಲಿ ಗೆರೆ ಎಳೆದ ಎಂಟು ಪಾರ್ಕಿಂಗ್ ಜಾಗಗಳಿದ್ದವು, ಒಂದೊಂದರ ಮುಂದೆಯೂ ಕಿತ್ತಳೆ ಬಣ್ಣದ ಒಂದು ಪ್ಲಾಸ್ಟಿಕ್ ಕೋನು. ಅವಳು ಕೋನು ಎತ್ತಿದರೆ ಕಾರು ಒಳಗೆ. ಎತ್ತದಿದ್ದರೆ ಅರ್ಧ ಕಿಲೋಮೀಟರ್ ಆಚೆಯ ಮೈದಾನಕ್ಕೆ. ಮೈದಾನದಿಂದ ಗೇಟಿಗೆ ಒಂದು ಬಸ್ಸು ಓಡುತ್ತಿತ್ತು. ಅದರ ಮೊದಲ ಮೆಟ್ಟಿಲು ಮೊಣಕಾಲಿನಷ್ಟು ಎತ್ತರ. ಅದನ್ನು ಹತ್ತಬಲ್ಲವರಿಗೆ ಕೋನಮ್ಮನ ಹಂಗಿರಲಿಲ್ಲ.

ಹತ್ತಲಾಗದವರು ಅವಳ ಹತ್ತಿರ ಬರುತ್ತಿದ್ದರು. ಜೊತೆಗೆ ಏನೂ ಆಗದವರೂ ಬರುತ್ತಿದ್ದರು, ಕಾರಿನಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟ ಮೇಲೆ ಕುಂಟುವುದು ಅವರಿಗೆ ನೆನಪಾಗುತ್ತಿತ್ತು. ಅಂಥವರ ಜೊತೆ ಅವಳು ಜಗಳಕ್ಕೆ ಹೋಗುತ್ತಿರಲಿಲ್ಲ. "ಯಾವ ಕಾಲು ನೋವು ಸಾರ್?" ಎಂದು ಕೇಳುತ್ತಿದ್ದಳು. ಅದೂ ಇದೂ ಮಾತಾಡಿ ಎರಡು ನಿಮಿಷ ಬಿಟ್ಟು ಮತ್ತೆ ಅದನ್ನೇ ಕೇಳುತ್ತಿದ್ದಳು. ಅರ್ಧದಷ್ಟು ಮಂದಿಗೆ ಅಷ್ಟರಲ್ಲಿ ನೋವು ಕಾಲು ಬದಲಿಸಿರುತ್ತಿತ್ತು.

ನಿಜವಾದವರ ಮಣಿಕಟ್ಟಿಗೆ ನೀಲಿ ಪಟ್ಟಿ ಕಟ್ಟಬೇಕು. ನೋಡಲು ಕಾಗದದ ಹಾಗೆ, ಆದರೆ ಪ್ಲಾಸ್ಟಿಕ್. ಒಮ್ಮೆ ಸಿಕ್ಕಿಸಿದರೆ ಕತ್ತರಿಸಿಯೇ ತೆಗೆಯಬೇಕು. ಪಟ್ಟಿಯ ನಂಬರು ಕಾರಿನ ಗಾಜಿನ ಚೀಟಿಗೆ ಹೋಗುತ್ತದೆ, ಕಟ್ಟಿಸಿಕೊಂಡವರ ಮುಖದ ಫೋಟೊ ಕಂಪ್ಯೂಟರಿಗೆ ಹೋಗುತ್ತದೆ. ಪಟ್ಟಿ ಇದ್ದವರಿಗೆ ಗಾಲಿಕುರ್ಚಿ ಉಂಟು, ಇಳಿಜಾರಿನ ಬಾಗಿಲುಂಟು, ಸಾಲಿನಲ್ಲಿ ನಿಲ್ಲುವ ಕಷ್ಟವಿಲ್ಲ. ಪಟ್ಟಿಯ ಒಳಮಗ್ಗುಲಲ್ಲಿ, ಚರ್ಮಕ್ಕೆ ಅಂಟುವ ಕಡೆ, ಇರುವೆಗಳಂಥ ಅಕ್ಷರದಲ್ಲಿ ಇನ್ನೊಂದು ಮಾತೂ ಇತ್ತು: ಇದನ್ನು ಧರಿಸಿದವರಿಗೆ ಏಳು ಆಟಗಳಿಗೆ ಪ್ರವೇಶವಿಲ್ಲ. ಏಳರಲ್ಲಿ ಮೊದಲನೆಯದು ದೊಡ್ಡ ಚಕ್ರ, ಅಂದರೆ ಜೈಂಟ್ ವೀಲ್. ಅದು ನಡುವೆ ಕೆಟ್ಟು ನಿಂತರೆ ಏಣಿಯಲ್ಲಿ ಇಳಿಯಬೇಕು, ಇಳಿಯಲಾಗದವರು ಹತ್ತುವಂತಿಲ್ಲ ಎನ್ನುವುದು ನಿಯಮ.

ಬೆಳಿಗ್ಗೆ ಕಟ್ಟಿದ ಪಟ್ಟಿಯನ್ನು ಸಂಜೆ ಕತ್ತರಿಸುವುದೂ ಅವಳ ಕೆಲಸವೇ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಊರುಗೋಲಿನ ಕಾಲೇಜು ಹುಡುಗಿಯೊಬ್ಬಳು ಕತ್ತರಿಸಿದ ಪಟ್ಟಿಯನ್ನು ಅವಳ ಮುಖಕ್ಕೇ ಎಸೆದು, "ಸಹಾಯ ಅಂತ ಕಟ್ಟಿದ್ದೋ, ಕಟ್ಟಿಹಾಕಿದ್ದೋ?" ಎಂದು ಕೇಳಿ ಹೋಗಿದ್ದಳು. ಆಮೇಲೆ ಕೋನಮ್ಮ ಪಟ್ಟಿ ಸಿಕ್ಕಿಸುವ ಮೊದಲು ಒಂದು ಮಾತು ಕೇಳುವುದನ್ನು ರೂಢಿ ಮಾಡಿಕೊಂಡಳು. "ದೊಡ್ಡ ಚಕ್ರ ಹತ್ತೋ ಆಸೆ ಇದೆಯಾ?"

ಇದೆ ಎಂದವರನ್ನು, ಚಕ್ರದ ಕಟ್ಟೆಯ ಮೂರು ಮೆಟ್ಟಿಲು ಹತ್ತುವಷ್ಟು ಕಸುವಿದೆಯೇ ಎಂದು ಕಣ್ಣಳತೆಯಲ್ಲೇ ನೋಡಿ, ಪಟ್ಟಿ ಕಟ್ಟದೆ ಬಿಡುತ್ತಿದ್ದಳು. ಗಾಜಿನ ಚೀಟಿಗೆ ಹಿಂದಿನ ದಿನದ ಯಾವುದೋ ನಂಬರು ಬರೆಯುತ್ತಿದ್ದಳು. "ಚಕ್ರ ಇಲ್ಲೇ ಎಂಬತ್ತು ಹೆಜ್ಜೆ. ಮಗನ ತೋಳು ಹಿಡ್ಕೊಂಡು ಮೆಲ್ಲಗೆ ಹೋಗಿ, ಮೊದಲು ಅದನ್ನ ಮುಗಿಸಿ. ಆಮೇಲೆ ಬಂದು ಪಟ್ಟಿ ಕಟ್ಟಿಸ್ಕೊಳ್ಳಿ" ಎಂದು ಕಿವಿಯಲ್ಲಿ ಹೇಳುತ್ತಿದ್ದಳು. ಹತ್ತು ವರ್ಷದಲ್ಲಿ ಈ ಮಾತು ಒಬ್ಬ ಮೇಲಧಿಕಾರಿಯ ಕಿವಿಗೂ ಬಿದ್ದಿರಲಿಲ್ಲ.

ಆ ದಿನ ಮಾತ್ರ ಅವಳ ಪಕ್ಕದಲ್ಲಿ ಹೊಸ ಸೂಪರ್‌ವೈಸರ್ ನಿಂತಿದ್ದ. ಕೆಲಸಕ್ಕೆ ಸೇರಿ ಮೂರು ವಾರ, ಇಸ್ತ್ರಿ ಇನ್ನೂ ಮುರಿಯದ ಅಂಗಿ, ಕೈಯಲ್ಲಿ ಟ್ಯಾಬ್. ಒಂದು ಗಾಡಿಗೆ ತೊಂಬತ್ತು ಸೆಕೆಂಡು ಮೀರಬಾರದು ಎಂದು ಮೇಲಿನ ಆಫೀಸಿನಿಂದ ಸುತ್ತೋಲೆ ಬಂದಿತ್ತು. ಎಷ್ಟು ಗಾಡಿ ಬಂತೋ ಅಷ್ಟು ಪಟ್ಟಿ ತಾಳೆಯಾಗಬೇಕು ಎಂದೂ ಇತ್ತು.

"ನಿಮ್ಮನ್ನ ಅಳೆಯೋಕೆ ಅಂತಲ್ಲ ಅಕ್ಕ, ಪದ್ಧತೀನ ಅಳೆಯೋಕೆ" ಎಂದ.

"ಅಳೆಯಪ್ಪ. ಟೈಲರ್‌ಗೂ ಇಷ್ಟು ಅಳತೆ ಕೊಟ್ಟಿಲ್ಲ ನಾನು" ಎಂದಳು ಕೋನಮ್ಮ.

ಬಾಯಲ್ಲಿ ಹಾಗೆಂದರೂ ಒಳಗೊಳಗೆ ಅವಳಿಗೆ ಹುರುಪು ಬಂದಿತ್ತು. ಹತ್ತು ವರ್ಷದಲ್ಲಿ ಅವಳ ಕೆಲಸವನ್ನು ಯಾರೂ ನಿಂತು ನೋಡಿರಲಿಲ್ಲ. ಮೊದಲ ಕಾರು ಎಂಬತ್ತೆಂಟು ಸೆಕೆಂಡಿನಲ್ಲಿ ಮುಗಿಯಿತು, ಎರಡನೆಯದು ಎಂಬತ್ತು. ಮೂರನೆಯದು ಚಿಕ್ಕ ಕೆಂಪು ಕಾರು. ಓಡಿಸುತ್ತಿದ್ದವಳು ಮೂವತ್ತೈದರ ಹೆಂಗಸು. ಪಕ್ಕದಲ್ಲಿ ಅವಳ ಅಪ್ಪ, ಅರವತ್ತು ದಾಟಿದವರು, ಮೊಣಕಾಲುಗಳ ನಡುವೆ ಕೋಲು ನಿಲ್ಲಿಸಿಕೊಂಡು ನೆಟ್ಟಗೆ ಕುಳಿತಿದ್ದರು. ಬೂಟಿಗೆ ಪಾಲಿಶ್ ಹಾಕಿದ್ದರು.

"ಯಾವ ಕಾಲು ಯಜಮಾನ್ರೇ?" ಕೋನಮ್ಮ ಕಿಟಕಿಗೆ ಬಗ್ಗಿದಳು.

"ಎರಡೂ ಒಂದೇ ಪಕ್ಷ ತಾಯಿ. ಒಟ್ಟಿಗೇ ರಾಜೀನಾಮೆ ಕೊಡ್ತವಂತೆ. ವರ್ಷದೊಳಗೆ ಅಂದಿದ್ದಾರೆ ಡಾಕ್ಟ್ರು."

"ಅಪ್ಪ, ಸುಮ್ನಿರು" ಎಂದಳು ಮಗಳು. "ಬೆನ್ನುಮೂಳೆ ನರದ ತೊಂದರೆ ಮೇಡಂ. ಕಾಗದ ತಂದಿದ್ದೀನಿ."

"ಕಾಗದ ಬೇಡ, ಕೈ ಕೊಡಿ." ಕೋನಮ್ಮನ ಬೆರಳುಗಳು ಆಗಲೇ ಪಟ್ಟಿ ಬಿಡಿಸುತ್ತಿದ್ದವು. ಕಣ್ಣಂಚಿನಲ್ಲಿ ಟ್ಯಾಬಿನ ಅಂಕಿ ಓಡುವುದು ಕಾಣುತ್ತಿತ್ತು.

ಅಪ್ಪ ಕೈ ಕೊಟ್ಟರು. ಇನ್ನೊಂದು ಕೈಯಲ್ಲಿ ಗೇಟಿನ ಮೇಲೆ ಎದ್ದು ಕಾಣುವ ಚಕ್ರವನ್ನು ತೋರಿಸಿ, "ಅದು ಎಷ್ಟನೇ ಮಹಡಿ ತನಕ ಹೋಗತ್ತೆ?" ಎಂದರು.

"ಹದಿನೆಂಟು ಮಹಡಿ ಅಂತಾರೆ" ಎಂದಳು. ಪಟ್ಟಿ ಟಕ್ಕೆಂದು ಸಿಕ್ಕಿಕೊಂಡಿತು. "ಮುಖ ಈ ಕಡೆ ತಿರುಗ್ಸಿ, ಫೋಟೊ."

"ನಂದು ಹನ್ನೊಂದೇ ಮಹಡಿ. ಮೂವತ್ತೊಂದು ವರ್ಷ ಲಿಫ್ಟ್ ಓಡಿಸಿದ್ದೀನಿ ತಾಯಿ. ದಿನಕ್ಕೆ ಇನ್ನೂರು ಸಲ ಮೇಲೆ ಹೋಗಿದ್ದೀನಿ. ಒಂದು ದಿನಾನೂ ಹೊರಗೆ ಏನಿದೆ ಅಂತ ಕಂಡಿಲ್ಲ. ನಾಲ್ಕೂ ಕಡೆ ತಗಡು."

ಕೋನಮ್ಮ ನಕ್ಕಳು, ನಂಬರು ಬರೆದಳು, ಚೀಟಿ ಗಾಜಿಗೆ ಸಿಕ್ಕಿಸಿದಳು, ಕೋನು ಎತ್ತಿದಳು. ಕಾರು ನೀಲಿ ಗೆರೆಯೊಳಗೆ ನಿಂತಿತು.

"ಎಪ್ಪತ್ತೊಂದು!" ಸೂಪರ್‌ವೈಸರ್ ಟ್ಯಾಬನ್ನು ಅವಳ ಮುಖಕ್ಕೆ ಹಿಡಿದ. "ಸೂಪರ್ ಅಕ್ಕ. ಇಡೀ ಪಾರ್ಕಿಗೇ ದಾಖಲೆ."

ಅವಳು ಸೆರಗಿನಲ್ಲಿ ಕತ್ತು ಒರೆಸಿಕೊಂಡು, ಏನೂ ಅಲ್ಲವೆಂಬಂತೆ ಮುಂದಿನ ಕಾರಿಗೆ ಕೈಬೀಸಿದಳು. ಆ ಕಾರಿನಲ್ಲಿದ್ದ ಮುದುಕಿಯ ಕೈ ಹಿಡಿದು, ರೂಢಿಯಂತೆ "ದೊಡ್ಡ ಚಕ್ರ" ಎಂದು ಬಾಯಿ ತೆರೆದವಳು ಅಲ್ಲೇ ನಿಂತಳು. ಕೆಂಪು ಕಾರಿನವರನ್ನು ಅವಳು ಇದನ್ನು ಕೇಳಿಯೇ ಇರಲಿಲ್ಲ.

ತಿರುಗಿ ನೋಡಿದಳು. ಕೆಂಪು ಕಾರಿನ ಬಾಗಿಲು ಮುಚ್ಚಿತ್ತು. ಗಾಲಿಕುರ್ಚಿ ಇಳಿಜಾರಿನ ಬಾಗಿಲು ದಾಟುತ್ತಿತ್ತು. ಅಪ್ಪ ಎರಡೂ ಕೈಯನ್ನು ಹಿಡಿಕೆಯ ಮೇಲಿಟ್ಟುಕೊಂಡು ತಲೆಯನ್ನು ಹಿಂದಕ್ಕೆ ಹಾಕಿ ಚಕ್ರವನ್ನೇ ನೋಡುತ್ತ ಹೋದರು.

ಆಸೆ ಇದೆಯಾ ಎಂದು ಕೇಳುವ ಅಗತ್ಯವೂ ಇರಲಿಲ್ಲ. ಅವರೇ ಬಾಯಿಬಿಟ್ಟು ಹೇಳಿದ್ದರು. ಅವಳು ಕೇಳಿಸಿಕೊಂಡು ನಕ್ಕಿದ್ದಳು.

ಮುದುಕಿಯ ಕಾರನ್ನು ಒಳಗೆ ಬಿಟ್ಟ ಮೇಲೆ ಕೋನಮ್ಮ ಸೂಪರ್‌ವೈಸರ್ ಕಡೆ ತಿರುಗಿದಳು. "ತಮ್ಮಾ, ಒಂದು ಪಟ್ಟಿ ರದ್ದು ಮಾಡೋಕಾಗತ್ತಾ? ಕೆಂಪು ಕಾರಿಂದು. ತಪ್ಪಾಗಿ ಕಟ್ಬಿಟ್ಟೆ."

"ತಪ್ಪಾಗಿ ಅಂದ್ರೆ? ಅವರಿಗೆ ಕಾಲು ಸರಿ ಇದೆಯಾ?"

"ಇಲ್ಲ, ಸರಿ ಇಲ್ಲ."

"ಮತ್ತೆ ಸರಿಯಾಗೇ ಕಟ್ಟಿದ್ದೀರಲ್ಲ."

ಅವನಿಗೆ ಇದನ್ನು ಹೇಗೆ ಹೇಳುವುದು? ಹತ್ತು ವರ್ಷದಿಂದ ಸುಳ್ಳು ನಂಬರು ಬರೆಯುತ್ತಿದ್ದೇನೆ, ಇವತ್ತು ನಿನ್ನೆದುರು ಜಂಬ ಕೊಚ್ಚಿಕೊಳ್ಳಲು ಹೋಗಿ ಸುಳ್ಳು ಬರೆಯುವುದನ್ನು ಮರೆತೆ ಎನ್ನಬೇಕೆ? ಅವಳು ನಾಲಿಗೆ ಕಚ್ಚಿಕೊಂಡು, "ಚಕ್ರ ಹತ್ತಬೇಕು ಅಂತಲೇ ಬಂದಿದ್ದಾರಪ್ಪ. ಪಟ್ಟಿ ಇದ್ರೆ ಬಿಡಲ್ಲ. ಮೂರು ಮೆಟ್ಟಿಲು ಹತ್ತೋ ಶಕ್ತಿ ಇನ್ನೂ ಇದೆ ಅವರಿಗೆ. ಮುಂದಿನ ವರ್ಷ ಇರಲ್ಲ" ಎಂದಳು.

ಹುಡುಗ ಕೆಟ್ಟವನಲ್ಲ. ಟ್ಯಾಬಿನಲ್ಲಿ ಅಪ್ಪನ ಫೋಟೊ ಹುಡುಕಿದ. ಬೂದು ಮೀಸೆ, ಅರ್ಧ ತೆರೆದ ಬಾಯಿ; 'ತಗಡು' ಎನ್ನುವಾಗ ತೆಗೆದದ್ದಿರಬೇಕು. ಫೋಟೊದ ಸುತ್ತ ನೀಲಿ ಚೌಕ. ಅವನು ಚೌಕವನ್ನು ಒತ್ತಿದ, ಉಜ್ಜಿದ, ಎರಡು ಬೆರಳಿನಲ್ಲಿ ಹಿಗ್ಗಿಸಿದ. ಸುರಕ್ಷತಾ ವಿಭಾಗವನ್ನು ಸಂಪರ್ಕಿಸಿ ಎಂದು ಬಂತು. ಫೋನು ಮಾಡಿದ. ಆ ಕಡೆಯಿಂದ ಪಾರ್ಕಿನ ಜಾಹೀರಾತಿನ ಹಾಡು ಹತ್ತು ನಿಮಿಷ ಕೇಳಿಸಿತು. ನಡುನಡುವೆ ಒಬ್ಬಳು ಖುಷಿಯಾಗಿರಿ ಎಂದು ಹೇಳುತ್ತಿದ್ದಳು. ಕೊನೆಗೂ ಒಬ್ಬ ಫೋನ್ ಎತ್ತಿದ. ರದ್ದು ಮಾಡಬಹುದು, ಆದರೆ ಸಂದರ್ಶಕರು ಹೊರಗೆ ಹೋದ ಮೇಲೆ; ಹೊರಗೆ ಹೋದವರು ಅದೇ ದಿನ ಮತ್ತೆ ಒಳಗೆ ಬರುವ ಹಾಗಿಲ್ಲ ಎಂದ.

"ಪಟ್ಟಿ ಕತ್ತರಿಸಿಬಿಟ್ರೆ?" ಕೋನಮ್ಮ ಪಿಸುಗುಟ್ಟಿದಳು.

"ಚಕ್ರದ ಬಾಗಿಲಲ್ಲಿ ಕ್ಯಾಮೆರಾ ಕೈ ನೋಡಲ್ಲ ಅಕ್ಕ, ಮುಖ ನೋಡತ್ತೆ. ಹೋದ ತಿಂಗಳಿಂದ." ಅವನು ಟ್ಯಾಬನ್ನು ಎದೆಗೆ ಒತ್ತಿಕೊಂಡ. "ನಾನು ಇನ್ನೂ ಪ್ರೊಬೇಷನ್‌ನಲ್ಲಿ ಇದ್ದೀನಿ. ಮೂರು ತಿಂಗಳು. ಇದಕ್ಕಿಂತ ಹೆಚ್ಚು ಒತ್ತೋಕೆ ನಂಗೆ ಬಟನ್ ಕೊಟ್ಟಿಲ್ಲ."

ಊಟದ ಬಿಡುವು ಒಂದು ಗಂಟೆಗೆ. ಅಲ್ಲಿಯತನಕ ನೀಲಿ ಗೆರೆ ಬಿಟ್ಟು ಹೋಗುವ ಹಾಗಿರಲಿಲ್ಲ. ಅವಳು ಇನ್ನೂ ನಾಲ್ಕು ಕಾರು ಒಳಗೆ ಬಿಟ್ಟಳು. ಎಲ್ಲರನ್ನೂ ಕೇಳಿದಳು. ಒಬ್ಬರಿಗೂ ಚಕ್ರ ಬೇಕಿರಲಿಲ್ಲ. "ನೆರಳು ಎಲ್ಲಿದೆ ಹೇಳಮ್ಮ ಸಾಕು" ಎಂದರು ಒಬ್ಬರು.

ಗಂಟೆ ಒಂದಾದದ್ದೇ ಊಟದ ಡಬ್ಬಿಯನ್ನು ಮುಟ್ಟದೆ ಚಕ್ರದ ಕಡೆ ಕಾಲು ಹಾಕಿದಳು.

ಅವರು ಅಲ್ಲೇ ಇದ್ದರು. ಚಕ್ರದ ಎದುರು, ಐಸ್‌ಕ್ರೀಮ್ ಗಾಡಿಯ ಪಕ್ಕ, ಕುರ್ಚಿಯಲ್ಲಿ ಅಪ್ಪ. ಮಗಳು ನಿಂತೇ ಇದ್ದಳು, ಕೈಯಲ್ಲಿ ಮೂರು ಕೌಂಟರಿನ ಮೂರು ಚೀಟಿ. ಚಕ್ರದವರು ಸಹಾಯದ ಕೌಂಟರಿಗೆ ಹೋಗಿ ಅಂದಿದ್ದರು. ಸಹಾಯದವರು ಸುರಕ್ಷತೆಯವರ ಹತ್ತಿರ ಹೋಗಿ ಅಂದಿದ್ದರು. ಸುರಕ್ಷತೆಯವರು ಒಂದು ಅರ್ಜಿ ತುಂಬಿಸಿಕೊಂಡು ಉತ್ತರ ಏಳು ದಿನದಲ್ಲಿ ಬರುತ್ತದೆ ಅಂದಿದ್ದರು. ಏಳು ದಿನ ಇಲ್ಲೇ ಕೂರಬಹುದಾ ಎಂದು ಅಪ್ಪ ಕೇಳಿದ್ದಕ್ಕೆ, ಪಾರ್ಕು ಆರು ಗಂಟೆಗೆ ಮುಚ್ಚುತ್ತದೆ ಎಂದು ಗಂಭೀರವಾಗಿ ಉತ್ತರ ಕೊಟ್ಟಿದ್ದರು.

"ಬಂದ್ಯಾ ತಾಯಿ?" ಎಂದರು ಅಪ್ಪ, ಅವಳಿಗಾಗಿಯೇ ಕಾಯುತ್ತಿದ್ದವರ ಹಾಗೆ. "ಇಪ್ಪತ್ತೆಂಟು ತೊಟ್ಟಿಲು. ಒಂದು ಸುತ್ತಿಗೆ ಹನ್ನೊಂದು ನಿಮಿಷ. ತುದೀಲಿ ಒಂದು ಗಳಿಗೆ ನಿಲ್ಲತ್ತೆ ನೋಡು, ಅದು ಒಳ್ಳೇ ಆಪರೇಟರ್ ಲಕ್ಷಣ. ಎಳೆದು ನಿಲ್ಲಿಸಲ್ಲ."

ಆ ಆಪರೇಟರನ್ನು ಎಲ್ಲರೂ ಗಾಳಿಯಣ್ಣ ಎನ್ನುತ್ತಿದ್ದರು. ಗಾಳಿ ಜೋರಾದರೆ ಚಕ್ರ ನಿಲ್ಲಿಸುವ ಹಕ್ಕು ಇಡೀ ಪಾರ್ಕಿನಲ್ಲಿ ಅವನೊಬ್ಬನಿಗೆ. ಕೋನಮ್ಮ ಅವನ ಗೂಡಿನ ಕಿಟಕಿಗೆ ಹೋದಳು.

"ನೀನು ಕಳಿಸಿದವರನ್ನ ನಾನು ಎಷ್ಟು ಸಲ ಕೈಹಿಡಿದು ಹತ್ತಿಸಿಲ್ಲ?" ಅವಳು ಬಾಯಿ ತೆರೆಯುವ ಮೊದಲೇ ಅವನು ಶುರು ಮಾಡಿದ. "ಪಟ್ಟಿ ಕಟ್ಟಿ ಕಳಿಸಿದ್ರೆ ನಾನೇನು ಮಾಡ್ಲಿ? ಎಲ್ಲಿ ಹೋಗಿತ್ತು ಬುದ್ಧಿ?"

"ಸುಟ್ಟುಹೋಗಿತ್ತು. ಆ ಕಡೆ ಬಾಗಿಲು ತೆಗಿ ಅಣ್ಣ. ಇಳಿಯೋರ ಬಾಗಿಲು. ಬೀಗದಕೈ ನಿನ್ಹತ್ರ ಇದೆಯಲ್ಲ."

ಗಾಳಿಯಣ್ಣ ಗಲ್ಲ ಎತ್ತಿ ಕಂಬದ ಮೇಲೆ ತೋರಿಸಿದ. ಇಳಿಯುವ ಬಾಗಿಲಿಗೂ ಒಂದು ಕ್ಯಾಮೆರಾ. "ತೆಗೀತೀನಿ. ನಾಳೆಯಿಂದ ಈ ಕೆಲಸ ಬಿಟ್ಟು ಮೈದಾನದಲ್ಲಿ ಕಾರು ಎಣಿಸ್ತೀನಿ."

"ಎಣಿಸು ಬಾ."

"ಎರಡು ಮಕ್ಕಳಿದ್ದಾವೆ ಕೋನಮ್ಮ" ಎಂದ ಅವನು ಮೆಲ್ಲಗೆ.

ಅವಳಿಗೂ ಒಬ್ಬ ಮಗನಿದ್ದ. ತಾನಾಗಿದ್ದರೂ ಬಾಗಿಲು ತೆರೆಯುತ್ತಿರಲಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹಿಂದಿನಿಂದ ಮಗಳು "ಅಪ್ಪಾ!" ಎಂದು ಕೂಗಿದ್ದು ಕೇಳಿಸಿತು.

ಅಪ್ಪ ಕುರ್ಚಿಯಿಂದ ಎದ್ದಿದ್ದರು. ಕೋಲು ಊರಿ, ಚಕ್ರದ ಕಟ್ಟೆಯ ಮೂರು ಮೆಟ್ಟಿಲಿನ ಕಡೆ ನಡೆಯುತ್ತಿದ್ದರು. ಒಂದು ಹೆಜ್ಜೆಗೂ ಇನ್ನೊಂದಕ್ಕೂ ನಡುವೆ ಲೆಕ್ಕ ಹಾಕಿದ ಹಾಗೆ ನಿಲ್ಲುತ್ತಿದ್ದರು. ಮಗಳು ತೋಳಿಗೆ ಕೈ ಹಾಕಹೋದಳು. "ಬಿಡು. ಅವರು ನೋಡ್ಲಿ. ಕಣ್ಣಾರೆ ನೋಡಿದ್ರೆ ನಂಬ್ತಾರೆ" ಎಂದರು.

ಮೊದಲ ಮೆಟ್ಟಿಲು. ಕೋಲನ್ನು ಎಡತೋಳಿಗೆ ಸಿಕ್ಕಿಸಿ, ಬಲಗಡೆಯ ಕಂಬಿಯನ್ನು ಹಿಡಿದು, ಎಡಗಾಲನ್ನು ಎತ್ತಿಟ್ಟು, ಬಲಗಾಲನ್ನು ಎಳೆದುಕೊಂಡರು. ಎರಡನೆಯದು. ಮೂರನೆಯದಕ್ಕೆ ಕುತ್ತಿಗೆಯ ನರ ಉಬ್ಬಿತು, ಆದರೂ ಹತ್ತಿದರು. ಯಾರೂ ಮುಟ್ಟಿರಲಿಲ್ಲ. ಪಾಲಿಶ್ ಹಾಕಿದ ಎರಡು ಬೂಟು ಕಟ್ಟೆಯ ಮೇಲೆ ಜೋಡಿಯಾಗಿ ನಿಂತವು.

"ಹತ್ತಿದೆನಾ?" ಎಂದರು, ಗೂಡಿನ ಕಡೆ ತಿರುಗಿ.

"ಹತ್ತಿದ್ರಿ ಯಜಮಾನ್ರೇ" ಎಂದ ಗಾಳಿಯಣ್ಣ. ಅವನು ಎದ್ದು ನಿಂತಿದ್ದ.

ಅವರು ಚಕ್ರದ ಗೇಟಿನ ಮುಂದೆ ಹೋದರು. ಕ್ಯಾಮೆರಾ ಅವರ ಮುಖ ನೋಡಿತು. ಕೆಂಪು ದೀಪ ಹತ್ತಿಕೊಂಡಿತು. ಅವರು ಬಿಸಿಲಿಗೆ ಹಾಕಿದ್ದ ಟೋಪಿ ತೆಗೆದು ಮತ್ತೊಮ್ಮೆ ನಿಂತರು. ಮತ್ತೆ ಕೆಂಪು. ಗೇಟಿನ ಆಚೆ, ಕೈಗೆಟುಕುವಷ್ಟು ಹತ್ತಿರದಲ್ಲಿ, ಖಾಲಿ ತೊಟ್ಟಿಲೊಂದು ಬಂದು ನಿಂತು, ಬಾಗಿಲು ತೆರೆದು, ಯಾರೂ ಹತ್ತಲಿಲ್ಲವೆಂದು ಮುಚ್ಚಿಕೊಂಡು ಮೇಲಕ್ಕೆ ಹೋಯಿತು.

ಅಪ್ಪ ಅದು ಹೋದದ್ದನ್ನು ನೋಡಿದರು. ಆಮೇಲೆ ಇಳಿಯಲು ತಿರುಗಿದರು.

ಇಳಿಯಲು ಆಗಲಿಲ್ಲ.

ಹತ್ತುವಾಗ ಬಲಕ್ಕಿದ್ದ ಕಂಬಿ ಈಗ ಎಡಕ್ಕೆ ಬಂದಿತ್ತು. ಎಡಗೈಯಲ್ಲಿ ಹಿಡಿತವಿರಲಿಲ್ಲ. ಅವರು ಬಲಗಾಲನ್ನು ಮೆಟ್ಟಿಲಿನ ಅಂಚಿಗೆ ತಂದರು, ಕೆಳಗೆ ನೋಡಿದರು, ಅಲ್ಲೇ ನಿಂತರು. ಮಂಡಿ ಮಡಚಲಿಲ್ಲ. ನೆತ್ತಿಯಿಂದ ಬೆವರು ಇಳಿಯಿತು. ಎರಡು ಕುಟುಂಬಗಳು ಕಟ್ಟೆಯ ಕೆಳಗೆ ಬಂದು ಸಾಲು ಕಟ್ಟಿದ್ದವು.

"ಏನ್ರೀ ಹಿರಿಯರೇ, ಹತ್ತೋದಿದ್ರೆ ಹತ್ತಿ, ಇಳಿಯೋದಿದ್ರೆ ಇಳೀರಿ" ಎಂದ ಒಬ್ಬ, ನಗುತ್ತಲೇ.

ಕೋನಮ್ಮ ಎರಡು ಮೆಟ್ಟಿಲು ಒಂದೇ ಸಲಕ್ಕೆ ಹಾರಿ ಮೇಲೆ ಹೋದಳು, ಗಾಳಿಯಣ್ಣ ಗೂಡಿನಿಂದ ಹೊರಬಂದ. ಇಬ್ಬರೂ ಕೈಗೆ ಕೈ ಹೆಣೆದು ಪೀಠ ಮಾಡಿ ಅವರನ್ನು ಕೂರಿಸಿಕೊಂಡರು. ಅವರು ಭಾರವಿರಲಿಲ್ಲ. ಇಳಿಸುವಾಗ ಒಂದು ಬೂಟು ಕಳಚಿ ಬಿತ್ತು. ಮಗಳು ಅದನ್ನೆತ್ತಿ ಎದೆಗವಚಿಕೊಂಡಳು. ಕೋನಮ್ಮನ ಕಿವಿಯ ಪಕ್ಕದಲ್ಲೇ ಅವರ ಬಾಯಿತ್ತು.

"ಮೂವತ್ತೊಂದು ವರ್ಷ ನಾನೇ ಎಲ್ರನ್ನೂ ಇಳಿಸ್ತಿದ್ದೆ" ಎಂದರು. ಅವಳಿಗಷ್ಟೇ ಕೇಳಿಸಿತು.

ನಾಲ್ಕೂವರೆಗೆ ಗಾಲಿಕುರ್ಚಿ ನೀಲಿ ಗೆರೆಗೆ ವಾಪಸು ಬಂತು. ಬಿಸಿಲು ಇನ್ನೂ ಇಳಿದಿರಲಿಲ್ಲ. ಅವರು ಮಧ್ಯಾಹ್ನವೆಲ್ಲ ಎಲ್ಲಿ ಕಳೆದರೋ, ಅವಳು ಕೇಳಲಿಲ್ಲ. ಮಗಳ ಕೈಯಲ್ಲಿ ಪಾರ್ಕಿನ ಬಲೂನೊಂದಿತ್ತು. ಪಟ್ಟಿಯವರಿಗೆ ಅದು ಉಚಿತ.

ಕೋನಮ್ಮ ಸೊಂಟದ ಚೀಲದಿಂದ ಕತ್ತರಿ ತೆಗೆದಳು. ಅಪ್ಪ ಕೈ ಚಾಚಿದರು. ಪಟ್ಟಿ ಇದ್ದ ಜಾಗದಲ್ಲಿ, ಬೆವರಿಗೆ ಒಳಮಗ್ಗುಲಿನ ಶಾಯಿ ಬಿಟ್ಟು, ಏಳು ಆಟಗಳ ಹೆಸರು ಚರ್ಮದ ಮೇಲೆ ತಿರುಗುಮುರುಗಾಗಿ ಅಚ್ಚಾಗಿತ್ತು. ಅವರು ಹೆಬ್ಬೆರಳಿಗೆ ಉಗುಳು ಹಚ್ಚಿ ಉಜ್ಜಿದರು. ಹೋಗಲಿಲ್ಲ.

"ಒಂದು ಮಾತು ಕೇಳ್ತೀನಿ, ನಿಜ ಹೇಳಿ" ಎಂದಳು ಮಗಳು. ಇಡೀ ದಿನ ಕೌಂಟರುಗಳ ಮುಂದೆ ಮೆತ್ತಗೆ ಮಾತಾಡಿ ಅವಳ ದನಿ ಒಡೆದಿತ್ತು. "ಆ ಆಪರೇಟರ್ ಹೇಳಿದ್ರು. ಬೇರೆಯವರನ್ನ ಕೇಳಿ ಕಟ್ತೀರಂತೆ. ನಮ್ಮನ್ನ ಯಾಕೆ ಕೇಳ್ಲಿಲ್ಲ?"

ಸೂಪರ್‌ವೈಸರ್ ನಾಲ್ಕು ಮಾರು ದೂರದಲ್ಲಿ ಲೆಕ್ಕ ತಾಳೆ ನೋಡುತ್ತಿದ್ದ. ಅವನು ತಲೆ ಎತ್ತಿದ. ಕೋನಮ್ಮ ಅವನನ್ನು ನೋಡಲಿಲ್ಲ.

"ಬೇಗ ಮುಗಿಸೋ ಭರದಲ್ಲಿ ಮರೆತೆ" ಎಂದಳು. "ಕೇಳಿದ್ದಿದ್ರೆ ಇವರು ಬೆಳಿಗ್ಗೇನೆ ಮೇಲೆ ಹೋಗಿ ಬಂದಿರ್ತಿದ್ರು."

ಮಗಳು ಬಯ್ಯುತ್ತಾಳೆಂದು ಕೋನಮ್ಮ ಕಾದಳು. ಬಯ್ದಿದ್ದರೆ ಹಗುರಾಗುತ್ತಿತ್ತು. ಮಗಳು ಬಲೂನಿನ ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಹೋಗಿರ್ತಿದ್ದೆ" ಎಂದರು ಅಪ್ಪ. "ಇಳೀತಿದ್ನೋ ಇಲ್ವೋ."

"ನಾವು ಕೈ ಕೊಡ್ತಿದ್ವಿ. ಎಷ್ಟೋ ಜನಕ್ಕೆ ಕೊಟ್ಟಿದ್ದೀವಿ" ಎಂದಳು ಕೋನಮ್ಮ.

"ಅದೂ ಹೌದು."

ಮಗಳೂ ಕೋನಮ್ಮನೂ ಸೇರಿ ಅವರನ್ನು ಕಾರಿನ ಸೀಟಿಗೆ ದಾಟಿಸಿದರು. ಬೆಳಿಗ್ಗೆ ಅವರು ಇಳಿಯುವಾಗ ಒಬ್ಬರ ಕೈ ಸಾಕಾಗಿತ್ತು. ಕೋನಮ್ಮ ಒಂದೊಂದಾಗಿ ಅವರ ಕಾಲುಗಳನ್ನು ಎತ್ತಿ ಒಳಗಿಟ್ಟಳು, ಕೋಲು ಮಂಡಿಗಳ ನಡುವೆ ನಿಲ್ಲಿಸಿದಳು. ಕಿಟಕಿ ಕೆಳಗಿಳಿಯಿತು.

"ನೀನು ಹತ್ತಿದ್ದೀಯಾ ಅದನ್ನ?"

"ಇಲ್ಲ ಯಜಮಾನ್ರೇ. ಕೆಲಸದವರು ಹತ್ತೋ ಹಾಗಿಲ್ಲ."

"ಎಷ್ಟು ವರ್ಷದಿಂದ ಇದ್ದೀಯ?"

"ಹತ್ತು."

"ಮೇಲಿಂದ ಏನು ಕಾಣತ್ತೆ ಅಂತಾರೆ, ಹೋಗಿ ಬಂದೋರು?"

ಅವಳು ಯೋಚಿಸಿದಳು. ಹತ್ತು ವರ್ಷದಲ್ಲಿ ಎಷ್ಟೋ ಜನ ಹತ್ತಿ ಬಂದು, ಪಟ್ಟಿ ಕಟ್ಟಿಸಿಕೊಳ್ಳಲು ಅವಳ ಮುಂದೆ ನಿಂತಿದ್ದರು. ಏನು ಕಂಡಿತು ಎಂದು ಒಬ್ಬರನ್ನೂ ಕೇಳಿರಲಿಲ್ಲ. ಅವರಾಗಿ ಹೇಳಿದ್ದೂ ಒಂದೇ ನೆನಪಿಗೆ ಬಂತು.

"ಪಾರ್ಕಿಂಗ್ ಕಾಣತ್ತಂತೆ" ಎಂದಳು.

ಅಪ್ಪ ಮೂಗಿನಲ್ಲಿ ಸಣ್ಣಗೆ ನಕ್ಕರು. ಅದು ನಗುವೋ ಉಸಿರೋ ತಿಳಿಯಲಿಲ್ಲ. ಮಗಳು ಕಾರನ್ನು ಹಿಂದಕ್ಕೆ ತೆಗೆದಳು.

"ಅಕ್ಕ, ಇವತ್ತಿಂದು ಪೂರ್ತಿ ತಾಳೆ" ಎನ್ನುತ್ತ ಸೂಪರ್‌ವೈಸರ್ ಹತ್ತಿರ ಬಂದ. ಅವಳು ಮಗಳಿಗೆ ಹೇಳಿದ್ದನ್ನು ಅವನು ಕೇಳಿಸಿಕೊಂಡಿದ್ದ. ಅವನ ಮುಖದಲ್ಲಿ ಗೊತ್ತಾಗುತ್ತಿತ್ತು. ಟ್ಯಾಬನ್ನು ಕಂಕುಳಿಗೆ ಸಿಕ್ಕಿಸಿ, "ನಾಳೆಯಿಂದ ತಿಂಗಳು ಪೂರ್ತಿ ನಾನು ಇಲ್ಲೇ ನಿಲ್ಲಬೇಕಂತೆ" ಎಂದ.

"ನಿಲ್ಲಪ್ಪ" ಎಂದು ಕೋನಮ್ಮ ಕೆಂಪು ಕಾರು ಬಿಟ್ಟುಹೋದ ಜಾಗದಲ್ಲಿ ಕೋನು ತಂದಿಟ್ಟಳು.